‘ವೆರಾ ಡ್ರೇಕ್’: ಕಾನೂನು ಹಿಡಿದದ್ದು ಯಾರನ್ನು?

ಮಾನ್ಯ ಸಂಪಾದಕರೇ,

ಮೈಕ್ ಲೀ ನಿರ್ದೇಶನದ ‘ವೆರಾ ಡ್ರೇಕ್’ (2004) ಚಿತ್ರದ ಮಾತು ಬಂದಾಗಲೆಲ್ಲ ಇಮೆಲ್ಡಾ ಸ್ಟಾಂಟನ್ ಅವರ ಅಭಿನಯಕ್ಕೆ ಸಲ್ಲಬೇಕಾದ ಹೊಗಳಿಕೆ ಸಲ್ಲುತ್ತದೆ. ಕಾನೂನು ಬಡವರನ್ನು ಮತ್ತು ಉಳ್ಳವರನ್ನು ಕಂಡ ಬಗೆಯನ್ನು ಅದು ಎಷ್ಟು ಖಚಿತವಾಗಿ ತೋರಿಸಿದೆ ಎಂಬುದು ಮಾತ್ರ ಚರ್ಚೆಗೆ ಬರುವುದು ಕಡಿಮೆ.

ಕಾಲ 1950, ಸ್ಥಳ ಲಂಡನ್. ಯುದ್ಧ ಮುಗಿದಿದ್ದರೂ ಪಡಿತರ ಮುಗಿದಿಲ್ಲ. ವೆರಾ ಸಿರಿವಂತರ ಮನೆಗಳಲ್ಲಿ ಕಸ ಮುಸುರೆ ಮಾಡುವವಳು. ಗಂಡ ತನ್ನ ತಮ್ಮನ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಮಗ ದರ್ಜಿ, ಮಗಳು ಬಲ್ಬು ಪರೀಕ್ಷಿಸುವ ಕಾರ್ಖಾನೆಯ ಕೆಲಸಗಾರ್ತಿ. ದಿಕ್ಕು ತೋಚದ ಹೆಂಗಸರಿಗೆ ಅವಳು ಒಂದು ಕಾಸೂ ಮುಟ್ಟದೆ ಸೋಪುನೀರು ಮತ್ತು ರಬ್ಬರ್ ಪಿಚಕಾರಿಯಿಂದ ಗರ್ಭ ಇಳಿಸುತ್ತಾಳೆ. ಅವಳು ಕೆಲಸಕ್ಕೆ ಹೋಗುವ ಮನೆಯೊಂದರ ಮಗಳು ಅತ್ಯಾಚಾರದಿಂದ ಬಸಿರಾದಾಗ ಮನೋವೈದ್ಯರೊಬ್ಬರ ಅಭಿಪ್ರಾಯ ಪಡೆದು, ಹಣ ತೆತ್ತು, ಖಾಸಗಿ ನರ್ಸಿಂಗ್ ಹೋಮಿನಲ್ಲಿ ಪಾರಾಗುತ್ತಾಳೆ. ತಾಯಿಯ ಮಾನಸಿಕ ಆರೋಗ್ಯ ಕುಸಿಯುವಂತಿದ್ದರೆ ವೈದ್ಯರು ಗರ್ಭಪಾತ ಮಾಡಬಹುದೆಂಬ ಅವಕಾಶ 1938ರ ಬೋರ್ನ್ ಪ್ರಕರಣದಲ್ಲಿ ದೊರೆತಿತ್ತಾದರೂ, ಅದು ಒದಗುತ್ತಿದ್ದುದು ಅಂಥ ವೈದ್ಯರವರೆಗೆ ಹೋಗಬಲ್ಲವರಿಗೆ. ವೆರಾ ಮಾತ್ರ ಗರ್ಭಪಾತವನ್ನು ಅಪರಾಧವೆಂದ 1861ರ ಕಾಯಿದೆಯಡಿ ಜೈಲಿಗೆ ಹೋಗುತ್ತಾಳೆ.

ಮಗಳ ನಿಶ್ಚಿತಾರ್ಥದ ಸಂತೋಷಕೂಟಕ್ಕೇ ಪೊಲೀಸರು ಬರುತ್ತಾರೆ. ಗಂಡನಿಗೂ ತಿಳಿಸದೆ ಇಟ್ಟುಕೊಂಡಿದ್ದ ಸಂಗತಿಯನ್ನು ಗಟ್ಟಿಯಾಗಿ ಹೇಳಲಾರದೆ ಅವಳು ಅವನ ಕಿವಿಯಲ್ಲಿ ಪಿಸುಗುಟ್ಟುವಾಗ ನನಗೆ ದುಃಖ ತಡೆಯಲಾಗಲಿಲ್ಲ. ಗಂಡ ಅವಳ ಕೈಬಿಡುವುದಿಲ್ಲ, ಮಗ ಸಿಡಿಯುತ್ತಾನೆ. ಈ ಮನೆಯವರಲ್ಲಿ ಯಾರನ್ನೂ ಚಿತ್ರ ಕೆಟ್ಟವರನ್ನಾಗಿ ಮಾಡದಿರುವುದು ಅದರ ದೊಡ್ಡತನ.

ಒಂದು ಆಕ್ಷೇಪ ಉಂಟು. ಲಂಡನ್ನಿನ ಬಡ ಕೇರಿಗಳಲ್ಲಿ ಸೂಲಗಿತ್ತಿಯಾಗಿದ್ದ ಜೆನಿಫರ್ ವರ್ತ್, ಇಂಥ ವಿಧಾನ ಚಿತ್ರದಲ್ಲಿ ಕಾಣುವಷ್ಟು ಸರಳವಲ್ಲ, ಪ್ರಾಣಕ್ಕೇ ಎರವಾಗುವಂಥದ್ದು ಎಂದು ಎಚ್ಚರಿಸಿದ್ದರು. ಅದನ್ನು ಒಪ್ಪಲೇಬೇಕು. ಮಾಡುವವಳಲ್ಲಿ ಕರುಣೆಯಿದ್ದ ಮಾತ್ರಕ್ಕೆ ಆ ಪಿಚಕಾರಿ ಸುರಕ್ಷಿತವಾಗುವುದಿಲ್ಲ. ಬಡ ಹೆಂಗಸರನ್ನು ಅದರ ಬಳಿಗೆ ದೂಡಿದ್ದು ಕಾನೂನೇ.

ಬ್ರಿಟನ್ 1967ರಲ್ಲಿ ಕಾಯಿದೆ ಬದಲಿಸಿತು. 1860ರಲ್ಲಿ ವಸಾಹತು ಆಡಳಿತ ರೂಪಿಸಿದ್ದ, ಭಾರತೀಯ ದಂಡ ಸಂಹಿತೆಯ 312ನೇ ಕಲಮಿನ ಬಿಗಿಯನ್ನು ನಮ್ಮಲ್ಲಿ 1971ರ ವೈದ್ಯಕೀಯ ಗರ್ಭಪಾತ ಕಾಯಿದೆ ಸಡಿಲಿಸಿತು. ಆದರೆ ಕಾಯಿದೆಯಲ್ಲಿರುವ ಸೌಲಭ್ಯ ಹಳ್ಳಿಯ ಕೂಲಿ ಹೆಣ್ಣುಮಗಳಿಗೆ ತಿಳಿದಿದೆಯೇ, ತಾಲ್ಲೂಕು ಆಸ್ಪತ್ರೆಯಲ್ಲಿ ಅವಮಾನವಿಲ್ಲದೆ ಸಿಗುತ್ತದೆಯೇ ಎಂದು ಕೇಳಬೇಕಾಗಿದೆ. ನಮ್ಮ ಚಿತ್ರಸಮಾಜಗಳು ಈ ಚಿತ್ರವನ್ನು ಕನ್ನಡ ಅಡಿಬರಹದೊಡನೆ ಕಾನೂನು ಹಾಗೂ ನರ್ಸಿಂಗ್ ಕಾಲೇಜುಗಳಲ್ಲಿ ತೋರಿಸಲಿ, ನಂತರದ ಚರ್ಚೆಗೆ ಆಶಾ ಕಾರ್ಯಕರ್ತೆಯರನ್ನೂ ಕರೆಯಲಿ ಎಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗಳು, ಧಾರವಾಡ