ಬದನೆ ಹಾಕಿದವರು ಗಮನಿಸಿ
ಔಷಧಿ ಹೊಡೆಯುವ ಮುಂಚೆ ಒಮ್ಮೆ ಓದಿ. ಕೀಟತಜ್ಞರು ಬದನೆ ಹೂವಲ್ಲಿ ಕಂಡುಕೊಂಡ ವಿಷಯ ಇದು: ಪರಾಗ ಸುಮ್ನೆ ಉದುರುವುದಿಲ್ಲ, ಕೇಸರದ ತುದಿಯ ಸಣ್ಣ ತೂತಿನಿಂದ ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಹೊರಬರಬೇಕು, ಹೂವನ್ನು ಹಿಡಿದು ಝುಂ ಎಂದು ನಡುಗಿಸುವ ನೀಲಿ ಪಟ್ಟೆಯ ಜೇನು, ದೊಡ್ಡ ಕಪ್ಪು ದುಂಬಿ ಇಂಥವೇ ಆ ಕೆಲಸ ಮಾಡುವುದು. ಪೆಟ್ಟಿಗೆಯ ತುಡುವೆ ಜೇನಿಗೆ ಈ ವಿದ್ಯೆ ಬರುವುದಿಲ್ಲ!

ಬೆಳಗ್ಗೆ ಹೊಡೆದರೆ ಸಾಯುವುದು ಇವೇ. ಕಾಯಿಕೊರಕ ಹುಳು ಕಾಯಿಯೊಳಗೆ ಆರಾಮಾಗಿರುತ್ತದೆ, ಅಲ್ವಾ? ಅದೇ ಹುಳು ಕುಡಿಯನ್ನೂ ಕೊರೆಯುತ್ತದೆ, ಅದಕ್ಕೆ ಬಾಡಿದ ಕುಡಿ ಕಂಡ ಕೂಡಲೇ ಹುಳು ಸಮೇತ ಚಿವುಟಿ ಸುಟ್ಟುಬಿಡಿ. ಮೋಹಕ ಬಲೆ (ಹೆಣ್ಣು ಪತಂಗದ ವಾಸನೆ ಇಟ್ಟ ಬಲೆ) ಕಟ್ಟಿದರೆ ಈ ಹುಳುವಿನ ಗಂಡು ಪತಂಗ ಬೀಳುತ್ತವೆ. ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ. ಬದುವನ್ನು ಪೂರ್ತಿ ಅಗೆಯಬೇಡಿ, ನೀಲಿ ಜೇನು ಮಣ್ಣಲ್ಲೇ ಗೂಡು ಮಾಡುತ್ತದೆ. ಬಲೆ ಬೇಕಿದ್ದವರು ಇಲ್ಲೇ ಹೆಸರು ಹಾಕಿ, ಒಟ್ಟಿಗೆ ತರಿಸೋಣ.