ಕೋಸಂಬರಿ ನನ್ನದೇ

ಎಲ್ಲರಿಗೂ ನಮಸ್ಕಾರ. ಜನವರಿ ಒಂದಕ್ಕೆ ಬರಬೇಕಿದ್ದ ನಮ್ಮ ಕನ್ನಡ ಬಳಗದ ಪತ್ರಿಕೆಯ ಸಂಚಿಕೆ ಹತ್ತು ದಿನ ತಡವಾಗಿ ಬರುತ್ತಿದೆ. ‘ಸಂಪಾದಕರಿಗೆ ಹುಷಾರಿರಲಿಲ್ಲ’ ಅಂತ ಒಂದು ಸಾಲು ಬರೆದು ಸುಮ್ಮನಾಗಬಹುದಿತ್ತು. ಸಮಿತಿಯವರೂ ಅಷ್ಟು ಸಾಕು ಅಂದರು. ನನಗೆ ಮಾತ್ರ ಸಾಲಲಿಲ್ಲ. ವರ್ಷದ ಕೊನೆಯ ಪಾಟ್‌ಲಕ್ (ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಊಟ) ಆದ ಮೇಲೆ ಏಳು ಮನೆಗಳಲ್ಲಿ ವಾಂತಿ ಭೇದಿ ಆಯಿತಲ್ಲ, ಅದಕ್ಕೆ ನೀವೆಲ್ಲ ಬೈದದ್ದು ಹೋಟೆಲಿನಿಂದ ತರಿಸಿದ ಗೋಬಿ ಮಂಚೂರಿಗೆ. ಪಾಪ, ಅದರ ತಪ್ಪೇನೂ ಇರಲಿಲ್ಲ. ತಪ್ಪು ಬಹುಶಃ ಪಕ್ಕದಲ್ಲಿದ್ದ ಕೋಸಂಬರಿಯದು. ಅದು ನನ್ನದೇ.

ಮೊದಲಿನಿಂದ ಹೇಳುತ್ತೇನೆ.

ಇಲ್ಲಿ ಅಮೆರಿಕದ ಒಹಾಯೋದಲ್ಲಿ ಅಕ್ಟೋಬರ್ ಬಂತೆಂದರೆ ನಮಗೆ ಎರಡೆರಡು ಪಂಚಾಂಗ. ಹ್ಯಾಲೋವೀನ್ ಕುಂಬಳಕಾಯಿ ಪಕ್ಕದಲ್ಲೇ ದೀಪಾವಳಿ ಹಣತೆ. ರಾಜ್ಯೋತ್ಸವದ ನಾಟಕ ಮುಗಿಸಿ ಬಣ್ಣ ಒರೆಸಿಕೊಳ್ಳುವಷ್ಟರಲ್ಲಿ ಥ್ಯಾಂಕ್ಸ್‌ಗಿವಿಂಗ್. ಆಮೇಲೆ ಮಕ್ಕಳ ಕಾನ್ಸರ್ಟ್, ಧನುರ್ಮಾಸದ ಹುಗ್ಗಿ, ಆಫೀಸಿನಲ್ಲಿ ‘ರಜೆಗೆ ಮುಂಚೆ ಇದೊಂದು ಮುಗಿಸಿಬಿಡಿ’ ಅನ್ನುವ ಕೆಲಸಗಳು. ನಮ್ಮ ಮನೆ ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಡಿಸೆಂಬರ್‌ಗೆ ಖಾಲಿ ಚೌಕ ಇದ್ದದ್ದು ಎರಡೇ. ಅವೆರಡರಲ್ಲೂ ಮಗಳು ಹಿಮದ ಬೊಂಬೆ ಬರೆದಿದ್ದಳು.

ರಜೆಗೆ ಮುಂಚಿನ ಕೊನೆಯ ಶುಕ್ರವಾರ, ರಾತ್ರಿ ಹನ್ನೊಂದು. ಅದೇ ಮಗಳು ಬಂದು ಹಾಸಿಗೆ ಪಕ್ಕ ನಿಂತಳು. “ಅಪ್ಪಾ, ಹೊಟ್ಟೆ ಒಂಥರಾ ಆಗ್ತಿದೆ.” ಒಂಥರಾ ಅಂದರೆ ಹೇಗೆ ಅಂತ ಕೇಳುವಷ್ಟರಲ್ಲಿ ಕಾರ್ಪೆಟ್ ಮೇಲೆ ಉತ್ತರ ಬಂತು. ಭಾನುವಾರ ಮಗ ಮಲಗಿದ. ತಂಗಿಯನ್ನು ನೋಡಿ ಮೂಗು ಮುಚ್ಚಿಕೊಂಡು ನಕ್ಕಿದ್ದವನು ಅವನೇ. ಸೋಮವಾರ ರಾತ್ರಿ ಹೆಂಡತಿ. ಇಷ್ಟೊತ್ತಿಗೆ ಮನೆಯ ಬಕೆಟ್‌ಗಳಿಗೆಲ್ಲ ಒಬ್ಬೊಬ್ಬ ವಾರಸುದಾರರು ಆಗಿದ್ದರು.

ಔಷಧಿ ಅಂಗಡಿಗೆ ಹೋದರೆ ಪೆಡಿಯಲೈಟ್ (ವಾಂತಿ ಭೇದಿ ಆದಾಗ ಮಕ್ಕಳಿಗೆ ಕುಡಿಸುವ ಉಪ್ಪು ಸಕ್ಕರೆಯ ಪಾನೀಯ) ಇಡುವ ಕಪಾಟು ಖಾಲಿ. ಊರಿಗೆಲ್ಲ ಇದೇ ಕಥೆ ಅಂತ ಆಗಲೇ ಹೊಳೆಯಬೇಕಿತ್ತು. ಮನೆಗೆ ಬಂದು ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಡ್ರಮ್‌ಗಟ್ಟಲೆ ಕಲಸಿ ಕುಡಿಸಿದ್ದು ಇಂಥದ್ದೇ ನೀರು. ನನ್ನ ಮಕ್ಕಳು ಮಾತ್ರ ಇದರಲ್ಲಿ ದ್ರಾಕ್ಷಿ ಫ್ಲೇವರ್ ಇಲ್ಲ ಅಂತ ದೂರಿದರು.

ಬುಧವಾರ ಬೆಳಗ್ಗೆ ಟೊರೊಂಟೊಗೆ ಹೊರಡಬೇಕಿತ್ತು, ಅಕ್ಕನ ಮನೆಗೆ. ಅಕ್ಕ ಫ್ರೋಜನ್ ಅವರೆಕಾಳು ನೆನೆಹಾಕಿ, ಕೂತು ಹಿತುಕಿ, ಫೋಟೋ ಬೇರೆ ಕಳಿಸಿದ್ದಳು. ಮಂಗಳವಾರ ಫೋನ್ ಮಾಡಿ, “ನನಗೇನೂ ಆಗಿಲ್ಲ, ಇವರೂ ನಾಳೆ ಹೊತ್ತಿಗೆ ಸರಿಹೋಗ್ತಾರೆ” ಅಂದೆ. ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. “ಬರಬೇಡ ಕಣೋ. ಇಲ್ಲಿ ಅತ್ತೆ ಇದ್ದಾರೆ. ಎಂಬತ್ತೆರಡು ವರ್ಷ. ಅವರಿಗೇನಾದ್ರೂ ಬಂದ್ರೆ ತಡ್ಕೊಳ್ಳಲ್ಲ.” ಸರಿ ಅಂದೆ. ಆದರೆ ಒಳಗೊಳಗೇ ಬೇಜಾರಾಯಿತು. ಸ್ವಂತ ಅಕ್ಕ ಬರಬೇಡ ಅಂದುಬಿಟ್ಟಳಲ್ಲ ಅಂತ.

ಆ ರಾತ್ರಿ ಎರಡು ಗಂಟೆಗೆ ಅಮ್ಮನ ವಿಡಿಯೋ ಕಾಲ್. ಮೈಸೂರಿನಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಮೆಂತ್ಯ ಮೊಸರು ಆಯಿತು, ದಾಳಿಂಬೆ ಸಿಪ್ಪೆ ಕಷಾಯ ಆಯಿತು, ಕೊನೆಗೆ ದೃಷ್ಟಿ. “ಉಪ್ಪು, ಸಾಸಿವೆ, ಮೂರು ಒಣಮೆಣಸಿನಕಾಯಿ. ಎಲ್ಲರಿಗೂ ಸೇರಿಸಿ ನೀವಾಳಿಸಿ ಒಲೆಗೆ ಹಾಕು.” ಬೇಡಮ್ಮ ಅಂತ ವಾದಿಸುವ ಶಕ್ತಿ ನನಗಿರಲಿಲ್ಲ. ಹಾಕಿದೆ. ನಮ್ಮೂರ ಹಂಚಿನ ಮನೆಯಲ್ಲಾದರೆ ಹೊಗೆ ಸುಮ್ಮನೆ ಮೇಲೆ ಹೋಗುತ್ತಿತ್ತು. ಇಲ್ಲಿ ಐದೂ ಸ್ಮೋಕ್ ಅಲಾರಂ ಒಟ್ಟಿಗೆ ಕೂಗಿಕೊಂಡವು. ಹೆಂಡತಿ ಬಕೆಟ್ ಹಿಡಿದುಕೊಂಡೇ ಎದ್ದು ಬಂದಳು. ಹೊರಗೆ ಹಿಮ ಬೀಳುತ್ತಿತ್ತು, ನಾನು ಕಿಟಕಿ ತೆಗೆದು ಟವೆಲ್ ಬೀಸುತ್ತಿದ್ದೆ. “ನೋಡು, ಘಾಟು ಬಂತಾ? ಬರ್ಲಿಲ್ಲ ಅಂದ್ರೆ ತುಂಬಾ ದೃಷ್ಟಿ ಆಗಿದೆ ಅಂತ” ಅಂತ ಅಮ್ಮ ಫೋನಿನಲ್ಲಿ ಕೇಳುತ್ತಲೇ ಇದ್ದರು. ಘಾಟು ಬಂದಿತ್ತು. ಧಾರಾಳವಾಗಿ.

ಬುಧವಾರ ರಾತ್ರಿ ನನ್ನ ಸರದಿ. ಕ್ರಿಸ್ಮಸ್ ದಿನವಿಡೀ ಬಚ್ಚಲುಮನೆಯ ನೆಲದ ಮೇಲೆ ಮಲಗಿದ್ದೆ. ಸಿಂಕಿನ ಅಡಿಯಲ್ಲಿ ಪ್ಲಂಬರ್ ಅಂಟಿಸಿಹೋದ ಸ್ಟಿಕ್ಕರ್ ಒಂದಿದೆ ಅಂತ ಈ ಮನೆಗೆ ಬಂದು ಒಂಬತ್ತು ವರ್ಷಕ್ಕೆ ಮೊದಲ ಸಲ ಗೊತ್ತಾಯಿತು. ಕೊನೆಯ ವಾಂತಿ ಶುಕ್ರವಾರ ಬೆಳಗಿನ ಜಾವ ನಾಲ್ಕು ಗಂಟೆಗೆ. ಈ ಹೊತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶುಕ್ರವಾರ ಮಧ್ಯಾಹ್ನ ಬಾಗಿಲ ಹೊರಗೆ ಒಂದು ಸ್ಟೀಲ್ ಡಬ್ಬಿ ಇತ್ತು. ಯಾರೂ ಬೆಲ್ ಮಾಡಿರಲಿಲ್ಲ. ಮುಚ್ಚಳದ ಮೇಲೆ ಹಿಮ, ಒಳಗೆ ಇನ್ನೂ ಬೆಚ್ಚಗಿದ್ದ ಮೆಣಸಿನ ಸಾರು. ನಾಲ್ಕೂ ಜನ ಅನ್ನ ಸಾರು ಕಲಸಿಕೊಂಡು, ಮಾತಿಲ್ಲದೆ, ತಟ್ಟೆ ನೆಕ್ಕುವಂತೆ ತಿಂದೆವು. ಡಬ್ಬಿ ತೊಳೆಯುವಾಗ ನೋಡಿದೆ. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿತ್ತು, ನಮ್ಮೂರ ಪಾತ್ರೆ ಅಂಗಡಿಯಲ್ಲಿ ಕೆತ್ತಿಕೊಡುತ್ತಾರಲ್ಲ ಹಾಗೆ. ಯಾರದೋ ಅಮ್ಮನ ಹೆಸರು. ಕೊಟ್ಟವರು ಯಾರು ಅಂತ ತಿಳಿದದ್ದು ಆಮೇಲೆ.

ಶನಿವಾರ ಸಂಜೆ ಪಾಟ್‌ಲಕ್. ಹೆಂಡತಿ ಸ್ಪಷ್ಟವಾಗಿ ಹೇಳಿದಳು, “ರೀ, ಈ ಸಲ ಬಿಟ್ಬಿಡಿ. ಹೋಗೋದು ಬೇಡ.” ನಾನು ಏನಂದೆ? “ಯಾರು ಏನು ತರ್ತಾರೆ ಅನ್ನೋ ಶೀಟಲ್ಲಿ ಹೆಸರು ಹಾಕಿಯಾಗಿದೆ. ಎಪ್ಪತ್ತು ಜನಕ್ಕೆ. ಈಗ ಕೈ ಕೊಟ್ರೆ ಏನಂದ್ಕೋತಾರೆ?” ನನ್ನ ಕೈಗೆ ಬರುವ ಅಡುಗೆ ಎರಡೇ, ಚಿತ್ರಾನ್ನ ಮತ್ತು ಕೋಸಂಬರಿ. ಕೋಸಂಬರಿಗೆ ಸ್ವಲ್ಪ ಹೆಸರಿದೆ. ಆ ಜಂಬವೂ ಇತ್ತು ಅನ್ನಿ.

ಹೆಸರುಬೇಳೆ ನೆನೆಸಿದೆ. ಸೌತೆಕಾಯಿ ಸಣ್ಣಗೆ ಹೆಚ್ಚಿದೆ. ಕಾಯಿತುರಿ, ಕೊತ್ತಂಬರಿ, ನಿಂಬೆಹಣ್ಣು, ಇಂಗು ಸಾಸಿವೆ ಒಗ್ಗರಣೆ. ದೊಡ್ಡ ಪಾತ್ರೆಗೆ ಹಾಕಿ ಕೈಯಲ್ಲೇ ಕಲಸಿದೆ, ಮೊಣಕೈವರೆಗೆ. ಚಮಚದಲ್ಲಿ ಕಲಸಿದರೆ ಸೌತೆಕಾಯಿ ನೀರು ಬಿಡುತ್ತದೆ ಅನ್ನುವುದು ನನ್ನ ಸಿದ್ಧಾಂತ. ಕಲಸುವ ಮೊದಲು ಕೈಗೆ ಸ್ಯಾನಿಟೈಸರ್ ಎರಡು ಸಲ ಒತ್ತಿ ಉಜ್ಜಿಕೊಂಡಿದ್ದೆ. ಕೋವಿಡ್ ಕಲಿಸಿದ ಪಾಠ ಅಂತ ಬೀಗಿಕೊಂಡೆ ಕೂಡ.

ಸಂಜೆ ಪಾತ್ರೆ ಪೂರಾ ಖಾಲಿಯಾಯಿತು. ಮೂರು ಜನ ರೆಸಿಪಿ ಕೇಳಿದರು.

ಸೋಮವಾರ ಬೆಳಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಮೊದಲ ಮೆಸೇಜ್. ‘ನಮ್ಮನೇಲಿ ಇಬ್ಬರಿಗೂ ರಾತ್ರಿಯಿಂದ ಹೊಟ್ಟೆ ಕೆಟ್ಟಿದೆ. ಬೇರೆ ಯಾರಿಗಾದ್ರೂ?’ ಹತ್ತು ನಿಮಿಷದಲ್ಲಿ, ‘ನಮ್ಮನೇಲೂ’. ಮಧ್ಯಾಹ್ನದ ಹೊತ್ತಿಗೆ ಗೋಬಿ ಮಂಚೂರಿಗೆ ಶಿಕ್ಷೆ ಆಗಿಹೋಗಿತ್ತು. ಎಣ್ಣೆ ಹಳೇದಿತ್ತು ಅಂತ ಒಬ್ಬರು, ಬಣ್ಣ ನೋಡಿದಾಗಲೇ ಡೌಟ್ ಬಂತು ಅಂತ ಇನ್ನೊಬ್ಬರು. ಹೋಟೆಲಿಗೆ ಒಂದೇ ಸ್ಟಾರ್ ಕೊಟ್ಟು ರಿವ್ಯೂ ಬರೆದು, ಹಾಕಲಾ ಅಂತ ಕೇಳಿದರು ಮತ್ತೊಬ್ಬರು. ನಾನು ಎಲ್ಲ ಓದುತ್ತಾ ಸುಮ್ಮನೆ ಕೂತಿದ್ದೆ. ಸೋಮವಾರವೂ, ಮಂಗಳವಾರವೂ. ನೀಲಿ ಟಿಕ್ ಬಿದ್ದಿರುತ್ತದೆ, ಬೇಕಾದರೆ ನೋಡಿಕೊಳ್ಳಿ. ಮಂಗಳವಾರ ರಾತ್ರಿ ಬಂದ ಮೆಸೇಜ್ ಸಾರಿನ ಡಬ್ಬಿ ಇಟ್ಟುಹೋದ ಮನೆಯದು. ಇಬ್ಬರು ಮಕ್ಕಳೂ ಮಲಗಿದ್ದಾರೆ, ಸಾಧ್ಯವಾದಾಗ ಡಬ್ಬಿ ವಾಪಸ್ ಕೊಡಿ, ಅಂತ.

ಆಗ ತಡೆಯಲಿಲ್ಲ. ಬುಧವಾರ ಬೆಳಗ್ಗೆ ಗ್ರೂಪಿನಲ್ಲಿ ಎಲ್ಲ ಬರೆದೆ. ಐದು ನಿಮಿಷ ಯಾರದ್ದೂ ಸದ್ದಿಲ್ಲ. ಆಮೇಲೆ ನಮ್ಮ ಹಿರಿಯ ವೈದ್ಯರೊಬ್ಬರು (ಹೆಸರು ಹಾಕಬೇಡಿ ಅಂದಿದ್ದಾರೆ) ಫೋನ್ ಮಾಡಿದರು. “ಗೋಬಿ ಎಣ್ಣೇಲಿ ಕರಿದದ್ದು, ನಿನ್ನ ಕೋಸಂಬರಿ ಹಸೀದು. ನೀನೇ ಯೋಚನೆ ಮಾಡಯ್ಯ” ಅಂದರು. ಯಾರೂ ಪರೀಕ್ಷೆ ಮಾಡಿಸಿಲ್ಲ, ಆದರೆ ಗಂಟೆಗಳ ಲೆಕ್ಕ ನೋಡಿದರೆ ನೊರೋವೈರಸ್ ಇದ್ದ ಹಾಗಿದೆ ಅನ್ನುವುದು ಅವರ ಅಂದಾಜು. ಒಳಗೆ ಹೋದ 12ರಿಂದ 48 ಗಂಟೆಗೆ ಶುರುವಾಗುತ್ತದೆ, ಒಂದರಿಂದ ಮೂರು ದಿನ ಇರುತ್ತದೆ. ವಾಂತಿ ಭೇದಿ ನಿಂತ ಮೇಲೂ ಕನಿಷ್ಠ 48 ಗಂಟೆ ಬೇರೆಯವರಿಗೆ ಅಡುಗೆ ಮಾಡಬಾರದು. ನಾನು ಪಾತ್ರೆಗೆ ಕೈ ಹಾಕಿದಾಗ ಆಗಿದ್ದದ್ದು 32 ಗಂಟೆ. ಸ್ಯಾನಿಟೈಸರ್ ವಿಷಯ ಕೇಳಿ ಅವರು ನಕ್ಕೇಬಿಟ್ಟರು. ಕೋವಿಡ್ ವೈರಸ್ಸಿನ ಸುತ್ತ ಒಂದು ಕೊಬ್ಬಿನ ಪೊರೆ ಇರುತ್ತದೆ, ಆಲ್ಕೋಹಾಲ್ ಅದನ್ನು ಕೆಡಿಸುತ್ತದೆ. ಇದಕ್ಕೆ ಆ ಪೊರೆಯೇ ಇಲ್ಲ. ಸೋಪು ಹಚ್ಚಿ ನೀರಿನಲ್ಲಿ ಚೆನ್ನಾಗಿ ತೊಳೆದರೆ ಕೊಚ್ಚಿಕೊಂಡು ಹೋಗುತ್ತದೆ. ಸಿಂಕು, ನಲ್ಲಿ, ಬಾಗಿಲ ಹಿಡಿಗಳಿಗೆ ಬ್ಲೀಚ್ ನೀರು ಬೇಕು.

“ಇನ್ನೊಂದು ಗೊತ್ತಾ, ಇದು ನಮ್ಮ ಒಹಾಯೋದ್ದೇ ವೈರಸ್ಸು” ಅಂದರು. ಬೇಸಿಗೆಯಲ್ಲಿ ಮಕ್ಕಳನ್ನು ಸೀಡರ್ ಪಾಯಿಂಟ್ ಮನರಂಜನಾ ಪಾರ್ಕಿಗೆ ಕರೆದುಕೊಂಡು ಹೋಗುವಾಗ ಟರ್ನ್‌ಪೈಕ್ (ಟೋಲ್ ಹೆದ್ದಾರಿ) ಮೇಲೆ ನಾರ್ವಾಕ್ ಅಂತ ಬೋರ್ಡ್ ಸಿಗುತ್ತದಲ್ಲ, ಕ್ಲೀವ್‌ಲ್ಯಾಂಡಿನಿಂದ ಒಂದು ಗಂಟೆ ದಾರಿ. 1968ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು, ಮೇಷ್ಟ್ರುಗಳು ಸೇರಿ 232 ಜನರಲ್ಲಿ ಅರ್ಧ ಜನ ಎರಡು ದಿನದಲ್ಲಿ ಮಲಗಿದರು. ಮಕ್ಕಳಿಂದ ಮನೆಯವರಿಗೂ ಹರಡಿತು. ಆ ಮಾದರಿಗಳನ್ನು ಇಟ್ಟುಕೊಂಡೇ 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ವೈರಸ್ಸನ್ನು ಕಂಡರು. ಮೊದಲು ಊರಿನ ಹೆಸರೇ ಇತ್ತು, ನಾರ್ವಾಕ್ ವೈರಸ್. ಅದೇ ಆಮೇಲೆ ನೊರೋ ಆಯಿತು. ಆ ಬೋರ್ಡ್ ಇನ್ನು ಮುಂದೆ ಕಂಡಾಗಲೆಲ್ಲ ನನಗೆ ಸೌತೆಕಾಯಿ ನೆನಪಾಗುತ್ತದೆ.

ಕೋಸಂಬರಿಯೇ ಅಂತ ನೂರಕ್ಕೆ ನೂರು ಹೇಳಲಾಗದು, ನಿಜ. ನನ್ನ ಮಕ್ಕಳು ಅವತ್ತು ನಿಮ್ಮ ಮಕ್ಕಳ ಜೊತೆ ನೆಲದ ಮೇಲೆಲ್ಲ ಉರುಳಾಡಿದ್ದರು. ಆದರೆ ಅವರನ್ನು ಕರೆತಂದವನೂ ನಾನೇ ಅಲ್ವಾ?

ನನ್ನನ್ನು ಹೆಚ್ಚು ಚುಚ್ಚುವುದು ಇನ್ನೊಂದು. ರಾಜ್ಯೋತ್ಸವದಲ್ಲಿ ನಮ್ಮ ಗಾಯಕರೊಬ್ಬರು ‘101 ಡಿಗ್ರಿ ಜ್ವರ ಇದ್ದರೂ ಮಾತ್ರೆ ನುಂಗಿ ಬಂದು ಹಾಡಿದರು’ ಅಂತ ಹೊಗಳಿ ಬರೆದವನು ನಾನು. ಹಿಂದಿನ ಸಂಚಿಕೆ, ಐದನೇ ಪುಟ. ನಮ್ಮಲ್ಲಿ ಹುಷಾರಿಲ್ಲದೆ ಬಂದವರಿಗೆ ಚಪ್ಪಾಳೆ, ಬರದವರಿಗೆ ‘ಯಾಕೋ ಈ ಸಲ ಕಾಣಲೇ ಇಲ್ಲ’ ಅನ್ನುವ ಮಾತು. ನಮ್ಮಜ್ಜಿಯ ಕಾಲದಲ್ಲಿ ಹೊಟ್ಟೆ ಕೆಟ್ಟವರು ಒಲೆ ಹತ್ತಿರ ಸುಳಿಯುವಂತಿರಲಿಲ್ಲ. ಅಜ್ಜಿಯ ಮಡಿಗೆ ಒಪ್ಪಲಾಗದ ಕಾರಣಗಳೂ ಇದ್ದವು, ಅದನ್ನು ವಾಪಸ್ ತನ್ನಿ ಅಂತ ನಾನು ಹೇಳುತ್ತಿಲ್ಲ. ಆದರೆ ಇದೊಂದರಲ್ಲಿ ಅಜ್ಜಿ ನನ್ನ ಹಾಗೆ ‘ಏನಂದ್ಕೋತಾರೆ’ ಅಂತ ಯೋಚಿಸುತ್ತಿರಲಿಲ್ಲ. ಟೊರೊಂಟೊದಲ್ಲಿರುವ ಅವರ ಮೊಮ್ಮಗಳೂ ಯೋಚಿಸಲಿಲ್ಲ. ಅಕ್ಕನಿಗೆ ಫೋನ್ ಮಾಡಿ ಇದನ್ನು ಹೇಳಿದೆ. “ಹಿತುಕಿದ ಬೇಳೆ ಫ್ರೀಜರಲ್ಲಿದೆ, ಫೆಬ್ರವರಿಗೆ ಬಾ” ಅಂದಳು.

ಸಮಿತಿ ಸೇರಿ ಒಂದೆರಡು ಮಾತು ಗೊತ್ತು ಮಾಡಿದೆ. ಹೊಟ್ಟೆ ಕೆಟ್ಟರೆ, ನಿಂತ ಮೇಲೂ ಎರಡು ದಿನ ಮನೆಯಲ್ಲೇ ಇರಿ. ಶೀಟಿನಿಂದ ಹೆಸರು ತೆಗೆಯಬೇಕಾದರೆ ಅವತ್ತು ಬೆಳಗ್ಗೆ ಕೂಡ ತೆಗೆಯಬಹುದು, ಕಾರಣ ಬರೆಯಬೇಕಿಲ್ಲ, ಯಾರೂ ಕೇಳುವುದೂ ಇಲ್ಲ. ಪದಾರ್ಥ ಕಡಿಮೆ ಬಿದ್ದರೆ ಅನ್ನ ಸಾರು ಮಾಡಲು ಇಬ್ಬರು ಒಪ್ಪಿದ್ದಾರೆ. ಎಳ್ಳು ಬೆಲ್ಲದ ಪೊಟ್ಟಣ ಕಟ್ಟುವವರು ಸೋಪಿನಲ್ಲಿ ಕೈ ತೊಳೆದು, ಗ್ಲೌಸ್ ಹಾಕಿ, ಸೌಟಿನಲ್ಲಿ ತುಂಬುತ್ತಾರೆ. ಹೋಟೆಲಿನವರಿಗೆ ಫೋನ್ ಮಾಡಿ ಸಂಕ್ರಾಂತಿಗೆ ಮತ್ತೆ ಮೂರು ಟ್ರೇ ಗೋಬಿ ಹೇಳಿದ್ದೇನೆ, ಈ ಸಲ ನನ್ನ ಖರ್ಚಿನಲ್ಲಿ. ಯಾಕೆ ಅಂತ ಅವರಿಗೆ ಹೇಳಿಲ್ಲ. ಸ್ಟೀಲ್ ಡಬ್ಬಿ ಸೋಪಿನಲ್ಲಿ ಮೂರು ಸಲ ತೊಳೆದು ವಾಪಸ್ ಕೊಟ್ಟಾಯಿತು. ಖಾಲಿ ಡಬ್ಬಿ ಕೊಡಬಾರದು ಅಂತ ನಮ್ಮ ಪದ್ಧತಿ. ಒಳಗೆ ಸೀಲ್ ಒಡೆಯದ ಗೋಡಂಬಿ ಪ್ಯಾಕೆಟ್ ಇಟ್ಟೆ.

17ರ ಸಂಕ್ರಾಂತಿ ಕಾರ್ಯಕ್ರಮಕ್ಕೆ ಯಾರು ಏನು ತರಬೇಕು ಅನ್ನುವ ಶೀಟ್ ನಿನ್ನೆ ತೆರೆದರು. ಹೆಸರು ಬರೆಯೋಣ ಅಂತ ನೋಡಿದರೆ ನನ್ನ ಹೆಸರನ್ನು ಯಾರೋ ಆಗಲೇ ಬರೆದಿದ್ದಾರೆ. ಎದುರಿಗೆ: ಪೇಪರ್ ತಟ್ಟೆ 100, ನೀರಿನ ಬಾಟಲಿ ನಾಲ್ಕು ಕೇಸ್. ಅದರ ಪಕ್ಕ ಆವರಣದಲ್ಲಿ, ‘ಅಂಗಡಿಯಿಂದ ಸೀದಾ ಹಾಲ್‌ಗೆ’.