ನಾನು ಹೆಸರು ಕೇಳದೇ ಬಂದುಬಿಟ್ಟ ಆ ಸಿಸ್ಟರ್‌ಗೆ

ಬೆಂಗಳೂರಿನ ನಿಮ್ಹಾನ್ಸ್‌ಗೆ ತಮ್ಮನನ್ನು ಕರೆದುಕೊಂಡು ಬಂದಿದ್ದೆ. ಅವನು ಹೆರಾಯಿನ್ ತಗೊಂಡು ಒಂದು ರಾತ್ರಿ ಕಳೆದಿತ್ತು. ಮೂಗು ಸೋರುತ್ತಿತ್ತು, ಮೈಯೆಲ್ಲ ಬೆವರು, ನಡುಕ. ಬೇಗ ಮಾತ್ರೆ ಕೊಡಿ ಅಂತ ನಾನು ಅತ್ತುಬಿಟ್ಟೆ.

"ಹೆರಾಯಿನ್ ಅಂಶ ಮೈಯಲ್ಲಿ ಇರುವಾಗಲೇ, ಚಟ ಬಿಡಿಸೋ ಈ ಬ್ಯುಪ್ರೆನಾರ್ಫಿನ್ ಮಾತ್ರೆ ಕೊಟ್ಟರೆ ಸಂಕಟ ಇನ್ನೂ ಜಾಸ್ತಿ ಆಗುತ್ತೆ. ಸ್ವಲ್ಪ ತಡೀರಮ್ಮ" ಅಂದಿರಿ. ಸುಮ್ನೆ ಹೇಳಿ ಹೋಗಲಿಲ್ಲ. ನಾಡಿ ಹಿಡಿದು ನೋಡಿದಿರಿ, ಶಾಲು ಹೊದಿಸಿದಿರಿ. ಮನೆಯಲ್ಲಿ ಎಲ್ಲರೂ ಬೈದ ಹುಡುಗನನ್ನು "ಏನಪ್ಪಾ" ಅಂತ ಮಾತಾಡಿಸಿದಿರಿ.

ಡಾಕ್ಟರ್ ಒಪ್ಪಿದ ಮೇಲೆ ಮಾತ್ರೆಯನ್ನು ನಾಲಿಗೆ ಕೆಳಗೆ ಇಡಿಸಿ, "ನುಂಗಬೇಡ" ಎಂದು, ಅದು ಕರಗುವ ತನಕ ಪಕ್ಕದ ಸ್ಟೂಲ್ ಮೇಲೆ ಕೂತಿದ್ದಿರಿ.

ಸ್ವಲ್ಪ ಹೊತ್ತಿಗೆ ಕಾಲಿನ ಒದ್ದಾಟ ನಿಂತಿತು. "ಅಕ್ಕಾ, ಹಸಿವು" ಅಂದ. ಆ ಮಾತು ಕೇಳಿ ಎಷ್ಟು ದಿನ ಆಗಿತ್ತು!

ಈಗಲೂ ಮಾತ್ರೆ ತಪ್ಪಿಸಿಲ್ಲ ಅವನು. ತುಂಬಾ ಥ್ಯಾಂಕ್ಸ್, ಸಿಸ್ಟರ್.